ಮಂತ್ರಿಯ ಹನ್ನೊಂದು ಮಾತು

"ಬೆನಕಪ್ಪ ಸನ್ಯಾಸ ತಗಂತಾನಂತೆ ಕಣ್ರೀ!"

"ಯಾವ ಬೆನಕಪ್ಪ?"

"ಇನ್ಯಾವ ಬೆನಕಪ್ಪ? ಅಡಿಕೆ ಮಂಡಿ ಬೆನಕಪ್ಪ. ನಿಮ್ಮ ನಾಟಕದ ರಾಜ. ಅವನ ಹೆಂಡ್ತಿ ಶಿವಗಂಗಕ್ಕನೇ ಹೇಳಿದ್ಲು, ಬೋರಿಂಗ್ ಹತ್ರ. ಕಾವಿ ಬಟ್ಟೆನೂ ಹೊಲಿಯಾಕೆ ಹಾಕ್ಯಾನಂತೆ ಚನ್ನಗಿರಿ ಟೈಲರ್ ತಾವ. ಒಳಗಡೆ ಎರಡು ಜೇಬು ಇಡ್ಸ್ಯಾನಂತೆ."

"ಸನ್ಯಾಸಿಗೆ ಜೇಬು ಯಾತಕ್ಲೇ?"

"ಒಂದು ವಿಭೂತಿ ಇಟ್ಕಳಾಕೆ."

"ಇನ್ನೊಂದು?"

"ಮಂಡಿ ಬೀಗದ ಕೈ ಇಟ್ಕಳಾಕೆ."

ಹಾಲೇಶಪ್ಪ ಗಿರಣಿಯ ಸ್ವಿಚ್ಚು ಆರಿಸಿದ. ಬೆಲ್ಟು ನಾಲ್ಕು ಸುತ್ತು ಗೊಣಗಿ ನಿಂತಿತು. ಅರ್ಧ ಬೀಸಿದ ರಾಗಿ ಅಲ್ಲೇ ಉಳಿಯಿತು. ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡಿದ್ದ ಅವನು ಹೆಂಡತಿ ಸಾವಂತ್ರಮ್ಮನನ್ನು ನೋಡಿದ ರೀತಿ ಹೇಗಿತ್ತೆಂದರೆ, ಅವಳು ಕೊಡ ಕೆಳಗಿಟ್ಟು ಒಂದು ಹೆಜ್ಜೆ ಹಿಂದೆ ಸರಿದಳು.

"ಹಂಗಾದ್ರೆ ಈ ವರ್ಷ ಕಿರೀಟ ಇಳೀತೈತೆ" ಅಂದ ಹಾಲೇಶಪ್ಪ.

"ನಿಮಗೆ ಅದೊಂದೇ ಚಿಂತೆ" ಅಂದಳು ಸಾವಂತ್ರಮ್ಮ. "ಮನುಷ್ಯ ಮನೆಮಠ ಬಿಡ್ತಾನೆ ಅಂದ್ರೆ ಇವರಿಗೆ ರಟ್ಟಿನ ಕಿರೀಟದ್ದು."

ಹೌದು, ಅವನಿಗೆ ಅದೊಂದೇ ಚಿಂತೆ. ಅದಕ್ಕೆ ಹದಿಮೂರು ವರ್ಷದ ಹಿನ್ನೆಲೆಯಿತ್ತು.

ಸೂಳೆಕೆರೆಯ ದಂಡೆಗೆ ಅಂಟಿಕೊಂಡ ಆ ಊರಿನಲ್ಲಿ ಎಪ್ಪತ್ತನೇ ಇಸವಿಯಿಂದ ಪ್ರತಿ ಬೇಸಿಗೆಗೂ ಒಂದೇ ನಾಟಕ. 'ಹೇಮಧ್ವಜ ಮಹಾರಾಜ ಅರ್ಥಾತ್ ಎಚ್ಚರದ ಕನಸು'. ಅದರ ಕಥೆ ಊರಿನ ಎಮ್ಮೆಗಳಿಗೂ ಬಾಯಿಪಾಠ. ಹೇಮಧ್ವಜ ಮಹಾರಾಜ ಸಿಂಹಾಸನದ ಮೇಲೆ ಕೂತು ಎಲೆಯಡಿಕೆ ಬಾಯಿಗಿಟ್ಟುಕೊಂಡವನು ಹಾಗೇ ತೂಕಡಿಸುತ್ತಾನೆ. ಕನಸಿನಲ್ಲಿ ಭಿಕ್ಷುಕನಾಗಿ ನಲವತ್ತು ವರ್ಷ ಅಲೆಯುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳನ್ನು ಪಡೆದು ಮಣ್ಣಿಗಿಡುತ್ತಾನೆ, ಮುದಿಯಾಗುತ್ತಾನೆ. ಎಚ್ಚರಾಗಿ ನೋಡಿದರೆ ಬಾಯಲ್ಲಿರುವ ಎಲೆಯಡಿಕೆ ಇನ್ನೂ ಕೆಂಪಾಗಿಲ್ಲ. ರಾಜ ಭಿಕ್ಷುಕನ ಕನಸು ಕಂಡನೋ, ಭಿಕ್ಷುಕ ಈಗ ರಾಜನ ಕನಸು ಕಾಣುತ್ತಿದ್ದಾನೋ ಗೊತ್ತಾಗದೆ ಮಹಾರಾಜನಿಗೆ ವೈರಾಗ್ಯ ಬರುತ್ತದೆ. ಕೊನೇ ಅಂಕದಲ್ಲಿ ಅವನು ಒಂದು ಹಾಡು ಹೇಳಿ, ಕಿರೀಟ ತೆಗೆದು ಮಂತ್ರಿಯ ತಲೆಗಿಟ್ಟು ಕಾಡಿಗೆ ನಡೆಯುತ್ತಾನೆ. ಕಿರೀಟ ತೊಟ್ಟ ಮಂತ್ರಿ ಎದ್ದು ನಿಂತು ಹನ್ನೊಂದು ಮಾತು ಆಡುತ್ತಾನೆ. ಮಂಗಳ. ಪರದೆ.

ಇದು ಪುಸ್ತಕದಲ್ಲಿರುವುದು. ಊರಿನಲ್ಲಿ ನಡೆಯುತ್ತಿದ್ದುದು ಬೇರೆ.

ಊರಿನ ಎರಡು ಕಟ್ಟಳೆಗಳನ್ನು ಮುರಿಯುವ ಎದೆ ಯಾರಿಗೂ ಇರಲಿಲ್ಲ. ಒಂದು, ಜನ 'ಒನ್ಸ್ ಮೋರ್' ಅಂದರೆ ನಟ ಮೊದಲಿನಿಂದ ಮಾಡಿ ತೋರಿಸಬೇಕು. ಸತ್ತವನೂ ಧೂಳು ಕೊಡವಿಕೊಂಡು ಎದ್ದು ಮತ್ತೆ ಸಾಯಬೇಕು. ಎರಡು, ಸೂರ್ಯ ಮೂಡಿದ ಕೂಡಲೇ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರು ಮಂಗಳ ಬಾರಿಸಬೇಕು. ಕಥೆ ಎಲ್ಲಿಗೇ ಬಂದಿರಲಿ, ಮಂಗಳವಾದ ಮೇಲೆ ಒಂದು ಮಾತಿಲ್ಲ.

ಬೆನಕಪ್ಪ ಹೇಮಧ್ವಜನಾಗಿ ಹಾಡು ಶುರುಮಾಡುತ್ತಿದ್ದುದು ಕೋಳಿ ಕೂಗುವ ಹೊತ್ತಿಗೆ.

ನಾನು ಯಾರೋ ನೀನು ಯಾರೋ ನಿದ್ದೆ ಬಿಟ್ಟ ನೆರಳು
ಮುಕುಟವೆಂಬ ಮಂಜಿನ ಹನಿಗೆ ಸೂರ್ಯನೊಂದೇ ಬೆರಳು

ಎರಡನೇ ಸಾಲಿಗೆ ಎರಡೂ ಕೈಯಿಂದ ಕಿರೀಟ ಎತ್ತುತ್ತಿದ್ದ. ಎದುರಿಗೆ ಮಂತ್ರಿ ಹಾಲೇಶಪ್ಪ ಮಂಡಿಯೂರಿ ತಲೆ ಬಗ್ಗಿಸಿ ಕಾಯುತ್ತಿದ್ದ. ಕಿರೀಟ ಬೆನಕಪ್ಪನ ಹುಬ್ಬಿನಿಂದ ನಾಲ್ಕು ಬೆರಳು ಮೇಲೇರುತ್ತಲೇ ಮುಂದಿನ ಸಾಲಿನಿಂದ "ಒನ್ಸ್ ಮೋರ್!" ಕಿರೀಟ ಮತ್ತೆ ಅವನ ತಲೆಗೇ. ಹಾಡು ಮತ್ತೆ ಮೊದಲಿನಿಂದ. ಮೂರು ಸಲ, ನಾಲ್ಕು ಸಲ. ನಡುವೆ ಬೀಗರು ಸ್ಟೇಜು ಹತ್ತಿ ಹಾರ ಹಾಕುತ್ತಿದ್ದರು, ಶಾಲು ಹೊದಿಸುತ್ತಿದ್ದರು, ಅವರ ಹೆಸರನ್ನು ಮೈಕಿನಲ್ಲಿ ಕೂಗುತ್ತಿದ್ದರು. ಎಲ್ಲವನ್ನೂ ತೊರೆಯಲು ನಿಂತ ಮಹಾರಾಜ ಅವನ್ನೆಲ್ಲ ಕೈಮುಗಿದು ತೆಗೆದುಕೊಂಡು ಪಕ್ಕದ ಪರದೆಯ ಹಿಂದೆ ಜೋಪಾನವಾಗಿ ಇಡಿಸುತ್ತಿದ್ದ. ಅಷ್ಟರಲ್ಲಿ ಬೆಳಕು ಹರಿಯುತ್ತಿತ್ತು, ಪೇಟಿ ಮಂಗಳ ಹಾಡುತ್ತಿತ್ತು, ಪರದೆ ಬೀಳುತ್ತಿತ್ತು. ಹೇಮಧ್ವಜ ಮಹಾರಾಜ ಹದಿಮೂರು ಬೇಸಿಗೆಯೂ ಕಿರೀಟ ಹೊತ್ತುಕೊಂಡೇ ಮನೆಗೆ ಹೋಗಿದ್ದ. ಹಾಲೇಶಪ್ಪನ ಹನ್ನೊಂದು ಮಾತು ಹದಿಮೂರು ವರ್ಷದಿಂದ ಗಂಟಲಲ್ಲೇ ಇದ್ದವು.

ಆ ಮಾತುಗಳನ್ನು ಅವನು ದಿನಾ ಗಿರಣಿಯಲ್ಲಿ ಹೇಳಿಕೊಳ್ಳುತ್ತಿದ್ದ. ಗಿರಣಿಯ ಸದ್ದಿಗಿಂತ ಮೇಲಕ್ಕೆ ಹೇಳಬೇಕಾದ್ದರಿಂದ ದನಿ ಬಲವಾಗಿತ್ತು. "ಎಲ್ಲವೂ ಕನಸೆಂದು ಎದ್ದು ಹೋಗುವವರು ನೀವು, ಪ್ರಭು! ಕನಸಿನೊಳಗೇ ಉಳಿದವರ ಹಸಿವನ್ನು ಯಾರು ನೋಡಬೇಕು?" ಅಂತ ಅವನು ಅಬ್ಬರಿಸಿದರೆ ಹಿಟ್ಟಿಗೆ ಬಂದ ಹೆಂಗಸರು, "ನೀನೇ ನೋಡಪ್ಪ, ಮೊದ್ಲು ಈ ಜೋಳ ಬೀಸಿಕೊಡು" ಅನ್ನುತ್ತಿದ್ದರು. ಆ ಮಾತು ನಾಟಕದ್ದೆಂದು ಅವರಿಗೆ ಗೊತ್ತಿರಲಿಲ್ಲ. ನಾಟಕದಲ್ಲಿ ಅದನ್ನು ಯಾರೂ ಕೇಳಿಯೇ ಇರಲಿಲ್ಲವಲ್ಲ.

ಸುದ್ದಿ ಕೇಳಿದ ದಿನ ಸಂಜೆ ಹಾಲೇಶಪ್ಪ ತಲೆಗೆ ನೀರು ಹಾಕಿಕೊಂಡು ಬೆನಕಪ್ಪನ ಮಂಡಿಗೆ ಹೋದ. ಬೆನಕಪ್ಪ ಯಾರದೋ ಅಡಿಕೆ ಚೀಲ ತೂಗುತ್ತಿದ್ದ. ಚೀಲ ತಂದವನು ತಕ್ಕಡಿಯ ಮುಳ್ಳನ್ನೇ ನೋಡುತ್ತಾ, "ಯಾಕೋ ಕಮ್ಮಿ ಬಂತಲ್ಲ ಸಾವ್ಕಾರ್ರೇ" ಅಂದ.

"ತೂಕ ಅನ್ನೋದೇ ಒಂದು ಭ್ರಮೆ ಕಣಪ್ಪ" ಅಂದ ಬೆನಕಪ್ಪ. "ನೀನು ಭ್ರಮೆ, ನಾನು ಭ್ರಮೆ. ಚೀಲ ಅಲ್ಲಿಡು."

ಹಾಲೇಶಪ್ಪ ಕೆಮ್ಮಿದ. "ಬೆನಕಣ್ಣ, ಸುದ್ದಿ ದಿಟವೇನು?"

"ಯಾವುದು? ಸನ್ಯಾಸದ್ದಾ? ದಿಟ ತಮ್ಮಾ. ಅರವತ್ತು ತುಂಬ್ತು. ನಾಟಕ ಮುಗಿದ ಮಾರನೇ ದಿನವೇ ಕಾವಿ ಉಡೋದು."

"ಯಾವ ಮಠಕ್ಕೆ ಹೋಗ್ತೀಯ?"

"ಮಠ ಯಾಕೆ? ಮನೆ ಮೇಲೇ ಒಂದು ರೂಮು ಕಟ್ಟಿಸ್ತಾ ಇದೀನಿ. ಕಿಟಕಿ ಮಂಡಿ ಕಡೆ ಇಡ್ಸೀನಿ. ಗಾಳಿ ಚೆನ್ನಾಗಿ ಬರ್ತೈತೆ."

"ಸೊಸೈಟಿ ಅಧ್ಯಕ್ಷಗಿರಿ?"

"ಅದೂ ಬಿಟ್ಟಂಗೇ. ರಾಜೀನಾಮೆ ಬರ್ದು ಇಟ್ಟೀನಿ. ತಾರೀಖು ಒಂದು ಹಾಕಿಲ್ಲ."

"ಮತ್ತೆ... ಕಿರೀಟ?"

ಬೆನಕಪ್ಪ ತಕ್ಕಡಿ ಬಿಟ್ಟು ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. ಕಣ್ಣಲ್ಲಿ ನೀರಾಡುತ್ತಿತ್ತು. ಅಡಿಕೆ ಧೂಳಿಗೋ ದುಃಖಕ್ಕೋ ಹೇಳುವುದು ಕಷ್ಟ.

"ಹಾಲೇಶಿ, ಇದು ನಂದು ಕೊನೇ ಹೇಮಧ್ವಜ. ಈ ಸಲ ಕಿರೀಟ ನಿನ್ನ ತಲೆ ಮೇಲೆ ಇಟ್ಟೇ ನಾನು ಸ್ಟೇಜ್ ಇಳಿಯೋದು. ಊರಿಗೆಲ್ಲ ಹೇಳು, ಕೊನೇದು ಅಂತ. ಹೆಂಗಸ್ರಿಗೂ ಹೇಳು. ಹಿಂದೆ ಕೂರ್ತಾರಲ್ಲ, ಅವರಿಗೆಲ್ಲ."

ಹಾಲೇಶಪ್ಪ ಹೇಳಿದ. ಹಿಟ್ಟಿನ ಡಬ್ಬಿ ತಂದವರಿಗೆಲ್ಲ ಹೇಳಿದ. ಹೀಗಾಗಿ ಎಂಬತ್ಮೂರರ ಆ ನಾಟಕಕ್ಕೆ ಯಾವತ್ತೂ ಇಲ್ಲದ ಜನ. ಹೊನ್ನಾಳಿಯಿಂದ ಮಲ್ಲೇಶಪ್ಪನ ಸೀನರಿ, ಡ್ರೆಸ್ಸು ಬಂದವು. ನ್ಯಾಮತಿಯಿಂದ ಪೇಟಿ ಮಾಸ್ತರ್ ರೇವಣ್ಣ ಬಂದರು. ಮುಂದೆ ಗಂಡಸರು, ಹಿಂದೆ ಹೆಂಗಸರು, ಅವರ ಹಿಂದೆ ಎತ್ತಿನ ಗಾಡಿಗಳ ಮೇಲೆ ಸುತ್ತಲ ಹಳ್ಳಿಯವರು.

ಕೊನೇ ಅಂಕಕ್ಕೆ ಪರದೆ ಎದ್ದಾಗ ಪೂರ್ವದ ಗುಡ್ಡದ ಅಂಚು ಬೂದಿ ಬಣ್ಣಕ್ಕೆ ತಿರುಗಿತ್ತು. ಹಾಲೇಶಪ್ಪ ಮಂಡಿಯೂರಿದ. ಹದಿಮೂರು ವರ್ಷದ ಹಿಂದೆ ಊರಿದ ಮಂಡಿ ಬೇರೆ, ಈಗಿನ ಮಂಡಿ ಬೇರೆ. ಹಲಗೆಯ ಸಂದಿಯ ಮೊಳೆ ಚುಚ್ಚುತ್ತಿತ್ತು.

ಬೆನಕಪ್ಪ ಹಾಡಿದ. ಕಿರೀಟ ಹುಬ್ಬಿನಿಂದ ಮೇಲೆದ್ದಿತು.

"ಒನ್ಸ್ ಮೋರ್!" ಮುಂದಿನ ಸಾಲಿನಿಂದ.

ಬೆನಕಪ್ಪ ಬೇಸರಪಟ್ಟುಕೊಂಡವನ ಹಾಗೆ ಮುಖ ಮಾಡಿ, ಜನರ ಮಾತು ಮೀರಲಾರೆನೆಂಬಂತೆ ಕೈಮುಗಿದು ಮತ್ತೆ ಹಾಡಿದ. ಎರಡನೇ ಸಲ ಮುಗಿಯುವಾಗ ಹಮಾಲರ ಸಂಘದ ಹಾರ ಬಂತು. ಮೂರನೇ ಸಲಕ್ಕೆ ಅಳಿಯ ಬೆಳ್ಳಿ ಉಂಗುರ ತೊಡಿಸಿದ. ಉಂಗುರ ಬಿಗಿಯಾಗಿತ್ತು, ಹೋಗಲಿಲ್ಲ. ಹೋಗುವವರೆಗೂ ಕಥೆ ನಿಂತಿತು. ಹಾಲೇಶಪ್ಪನ ಮೀನಖಂಡ ಹಿಡಿದುಕೊಂಡಿತು. ಬಗ್ಗಿಸಿದ ತಲೆಯಿಂದಲೇ ಓರೆಗಣ್ಣು ಮಾಡಿ ನೋಡಿದರೆ ಗುಡ್ಡದ ಅಂಚು ಕೆಂಪಾಗಿತ್ತು. ರೇವಣ್ಣ ಮಾಸ್ತರು ಒಂದು ಕಣ್ಣು ಗುಡ್ಡದ ಮೇಲೆ, ಒಂದು ಬೆರಳು ಪೇಟಿಯ ಸ್ವರದ ಮನೆಯ ಮೇಲೆ ಇಟ್ಟು ಕೂತಿದ್ದರು.

"ಬೆನಕಣ್ಣ, ಇಡೋ" ಅಂದ ಹಾಲೇಶಪ್ಪ ಪಿಸುದನಿಯಲ್ಲಿ.

"ತಡಿ. ಹಿಂದಿನೋರು ಇನ್ನೂ ಕೂಗಿಲ್ಲ" ಅಂದ ಬೆನಕಪ್ಪ ತುಟಿ ಅಲ್ಲಾಡಿಸದೆ.

"ಒನ್ಸ್ ಮೋರ್!" ನಾಲ್ಕನೇ ಹಾಡಿನ ಕೊನೆಗೆ ಮತ್ತೆ ಮುಂದಿನ ಸಾಲಿನಿಂದ.

ಕಿರೀಟ ಗಾಳಿಯಲ್ಲಿತ್ತು, ವಾಪಸು ಇಳಿಯತೊಡಗಿತ್ತು. ಹಾಲೇಶಪ್ಪನಿಗೆ ತಾನು ಏಳುತ್ತೇನೆಂದು ಗೊತ್ತಾದದ್ದೇ ಎದ್ದು ನಿಂತ ಮೇಲೆ. ಎರಡೂ ಕೈ ಚಾಚಿ ಕಿರೀಟ ಹಿಡಿದ. ಬಾಯಿಂದ ತಾನೇ ತಾನಾಗಿ ನಾಟಕದ ಭಾಷೆ ಬಂತು:

"ಪ್ರಭುಗಳು ದಣಿದಿದ್ದೀರಿ. ಬಿಡಲಾಗದ್ದನ್ನು ಬಿಡುತ್ತೇನೆಂದು ನಾಲ್ಕು ಸಲ ಹೇಳಿದಿರಿ. ಐದನೇ ಸಲದ ಶ್ರಮ ನಿಮಗೆ ಬೇಡ."

ಅನ್ನುತ್ತಲೇ ಕಿರೀಟ ಕಿತ್ತು ತನ್ನ ತಲೆಗಿಟ್ಟುಕೊಂಡ. ಅದರ ಜೊತೆ ಬೆನಕಪ್ಪನ ಸುರುಳಿ ಕೂದಲಿನ ಟೋಪಿಯೂ ಬಂತು. ಹೇಮಧ್ವಜ ಮಹಾರಾಜ ಬೋಳುತಲೆಯಲ್ಲಿ ಬಾಯಿ ತೆರೆದು ನಿಂತ.

ಆಮೇಲೆ ಹಿಂದಿನಿಂದ, ಹೆಂಗಸರ ಕಡೆಯಿಂದ, ಒಂದು ನಗು ಎದ್ದಿತು. ಅದು ಗಾಡಿಗಳಿಗೆ ಹಬ್ಬಿತು. ಮೂಗು ತುಂಬಾ ಮೂಗುತಿ ಇಟ್ಟುಕೊಂಡ ಕರಿಯಕ್ಕ, ಜನ್ಮದಲ್ಲಿ ನಾಟಕದಲ್ಲಿ ಬಾಯಿ ತೆರೆಯದವಳು, ಎದ್ದು ನಿಂತು ಕೂಗಿದಳು: "ಒನ್ಸ್ ಮೋರ್, ಗಿರಣಿಯಪ್ಪಾ!" ಅಷ್ಟೇ. ಇಡೀ ಮೈದಾನ ಹಿಂದಿನಿಂದ ಮುಂದಕ್ಕೆ "ಒನ್ಸ್ ಮೋರ್! ಒನ್ಸ್ ಮೋರ್!" ಅಂತ ಉಕ್ಕಿತು.

ಹಾಲೇಶಪ್ಪ ಕಿರೀಟವನ್ನು ತಲೆಗೆ ಒತ್ತಿ ಹಿಡಿದ. ಒನ್ಸ್ ಮೋರ್ ಅಂದರೆ ಮತ್ತೆ ಮಾಡಬೇಕು. ಮತ್ತೆ ಮಾಡಬೇಕೆಂದರೆ ಕಿರೀಟವನ್ನು ಬೆನಕಪ್ಪನ ತಲೆಗಿಟ್ಟು, ತಾನು ಮಂಡಿಯೂರಿ, ಮತ್ತೆ ಕೀಳಬೇಕು. ಬೆನಕಪ್ಪ ಆಗಲೇ ಬೋಳುತಲೆ ಮುಂದೆ ಚಾಚಿ ಕಾಯುತ್ತಿದ್ದ. ಕಿರೀಟ ಒಮ್ಮೆ ಅಲ್ಲಿಗೆ ಹೋದರೆ ಈ ಸಲ ಹತ್ತು ಬೆರಳಿನಿಂದ ಹಿಡಿದುಕೊಳ್ಳುತ್ತಾನೆ. ಗುಡ್ಡದ ಮೇಲೆ ಸೂರ್ಯ ಒಂದು ಉಗುರಿನಷ್ಟು ಕಾಣಿಸಿದ.

ಹಾಲೇಶಪ್ಪ ಕೊಡಲಿಲ್ಲ. ಮೈಕಿನ ಮುಂದೆ ಹೋಗಿ ನಿಂತು, "ಪ್ರಭು!" ಅಂದ. ಒಂದು ಮಾತಾಯಿತು. ಜನ, "ಒನ್ಸ್ ಮೋರ್ ಅಂದ್ರೆ ಕೇಳ್ಸಂಗಿಲ್ಲೇನೋ!" ಅಂದರು. ಎರಡು ಮಾತಾಯಿತು. ಬಯ್ಗುಳ ಶುರುವಾಯಿತು. ಯಾರದೋ ಟವೆಲ್ಲು ಹಾರಿ ಬಂದು ಕಾಲಿಗೆ ಸುತ್ತಿಕೊಂಡಿತು. ಮೂರನೇ ಮಾತಿನ ನಡುವೆ ರೇವಣ್ಣ ಮಾಸ್ತರ ಬೆರಳು ಇಳಿಯಿತು. ಮಂಗಳ. ಬಯ್ಯುತ್ತಿದ್ದವರೆಲ್ಲ ಬಾಯಿ ಮುಚ್ಚಿ ಕೈಮುಗಿದರು. ಪರದೆ ಬಿತ್ತು.

ಅರ್ಧಕ್ಕೆ ನಿಂತ ಮೂರನೇದನ್ನೂ ಉಳಿದ ಎಂಟು ಮಾತನ್ನೂ ಹಾಲೇಶಪ್ಪ ಆ ಪರದೆಯ ಬೆನ್ನಿಗೆ ಹೇಳಿದ. ದನಿ ತಗ್ಗಿಸಲಿಲ್ಲ. ಆಚೆ ಜನ ಚಾಪೆ ಸುತ್ತುವ, ಮಕ್ಕಳನ್ನು ಎಬ್ಬಿಸುವ, ಎತ್ತು ಕಟ್ಟುವ ಸದ್ದು. ಹನ್ನೊಂದನೇ ಮಾತು ಮುಗಿದಾಗ ತಿರುಗಿ ನೋಡಲಿಲ್ಲ. ಕಿರೀಟ ಹೊತ್ತುಕೊಂಡೇ ಸ್ಟೇಜಿನ ಪಕ್ಕದ ಏಣಿ ಇಳಿದು, ದೊಡ್ಡ ಬೀದಿಯಲ್ಲೇ ಮನೆಗೆ ನಡೆದ. ಹಿಂದೆ ಮಲ್ಲೇಶಪ್ಪ ಡ್ರೆಸ್ಸಿನ ಪೆಟ್ಟಿಗೆಯ ಕೀಲಿ ಆಡಿಸುತ್ತಾ, "ಗೌಡ್ರೇ, ಕಿರೀಟ ಕೊಡ್ರೀ, ಇನ್ನು ಮೂರು ದಿನಕ್ಕೆ ಸೊಕ್ಕೆ ಊರಿನ ನಾಟಕಕ್ಕೆ ಬೇಕು" ಅನ್ನುತ್ತಾ ಬಂದ.

"ನಾಳೆ ಬಾರೋ" ಅಂದ ಹಾಲೇಶಪ್ಪ.

ಸಾವಂತ್ರಮ್ಮ ಬಾಗಿಲಲ್ಲಿ ಸಗಣಿ ಸಾರಿಸುತ್ತಿದ್ದಳು. ಗಂಡನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಮಹಾರಾಜ್ರು ಎಮ್ಮೆ ಹಾಲು ಕರೀಬೇಕು. ಕರು ಬಡ್ಕಂತಾ ಐತೆ" ಅಂದಳು. ಮಹಾರಾಜರು ಕಿರೀಟದಲ್ಲೇ ಹಾಲು ಕರೆದರು. ಎಮ್ಮೆ ಒಮ್ಮೆ ತಿರುಗಿ ನೋಡಿ ಕಾಲು ಎತ್ತಿಟ್ಟಿತು, ಅಷ್ಟೇ.

ಮಧ್ಯಾಹ್ನದವರೆಗೆ ಗಿರಣಿಗೆ ಹಿಟ್ಟಿಗಿಂತ ಕಿರೀಟ ನೋಡಲು ಬಂದವರೇ ಹೆಚ್ಚು. ಊರಿಗೆಲ್ಲ ಸಿಟ್ಟು. ಒನ್ಸ್ ಮೋರ್ ತಿರಸ್ಕರಿಸಿದವನು ಊರಲ್ಲಿ ಇವನೊಬ್ಬನೇ ಎಂದು ಮುಖದ ಮೇಲೇ ಹೇಳಿ ಹೋದರು. ಅವನು ತೆಗೆಯಲಿಲ್ಲ. ತೆಗೆದರೆ ಎಲ್ಲಾ ಮುಗಿದಂತೆ ಎಂದು ಅವನಿಗೆ ಅನ್ನಿಸಿತ್ತು. ಇಷ್ಟು ವರ್ಷ ಬೆನಕಪ್ಪನನ್ನು ಬಯ್ದುಕೊಂಡದ್ದೆಲ್ಲ ನೆನಪಾಗಿ ಸ್ವಲ್ಪ ನಾಚಿಕೆಯೂ ಆಯಿತು. ಆದರೂ ತೆಗೆಯಲಿಲ್ಲ.

ಬಿಸಿಲು ಇಳಿಮುಖವಾದಾಗ ಬೆನಕಪ್ಪನೇ ಬಂದ. ಬಿಳಿ ಪಂಚೆ, ಬಿಳಿ ಅಂಗಿ. ಗಿರಣಿಯ ಕಲ್ಲಿನ ಕಟ್ಟೆ ಮೇಲೆ ಕೂತ.

"ಕಾವಿ ಎಲ್ಲಣ್ಣ?" ಅಂದ ಹಾಲೇಶಪ್ಪ.

"ಕಂಕುಳಾಗೆ ಬಿಗಿ ಆತು. ವಾಪಸ್ ಕಳ್ಸೀನಿ."

"ಎಷ್ಟು ದಿನಕ್ಕೆ ಬರ್ತೈತೆ?"

"ಆ ಟೈಲರ್ ಭಾಳ ನಿಧಾನ. ಎರಡು ವರ್ಷ ಆದ್ರೂ ಆಗ್ಬೋದು."

ಬೆನಕಪ್ಪ ಕಟ್ಟೆಯ ಮೇಲಿನ ಹಿಟ್ಟಿನಲ್ಲಿ ಬೆರಳಿನಿಂದ ಗೀಟು ಎಳೆಯುತ್ತಿದ್ದ. ಅಳಿಸದೆ ಉಳಿದ ನಾಟಕದ ಬಣ್ಣ ಅವನ ಕಿವಿಯ ಹಿಂದೆ ಗುಲಾಬಿಯಾಗಿ ಕಾಣುತ್ತಿತ್ತು. ಟೋಪಿಯಿಲ್ಲದ, ಕಿರೀಟವಿಲ್ಲದ ಆ ತಲೆ ಇಷ್ಟು ಚಿಕ್ಕದೆಂದು ಹಾಲೇಶಪ್ಪ ಗಮನಿಸಿಯೇ ಇರಲಿಲ್ಲ.

"ಹಾಲೇಶಿ, ಒಂದು ಕೇಳ್ಲಾ? ಬೆಳಿಗ್ಗೆ ಅವರು ಕೂಗಿದ್ರಲ್ಲ, ಹಿಂದಿನಿಂದ. ಹೆಂಗನ್ನಿಸ್ತು?"

"ಹೆಂಗೆ ಅಂದ್ರೆ? ನಿಂಗೆ ವರ್ಷ ವರ್ಷಾ ಕೂಗ್ತಾರೆ, ನನ್ನ ಕೇಳ್ತೀಯಲ್ಲ."

"ನಂಗೆ ಕೂಗೋರು ಯಾರು ಅಂತ ನೋಡೀಯಾ?"

"ಮುಂದಿನ ಸಾಲಿನೋರು."

"ಮುಂದಿನ ಸಾಲಿನಾಗೆ ಕೂರೋರು ಯಾರು? ನಮ್ಮ ಮಂಡಿ ಹಮಾಲ್ರು. ನಮ್ಮ ಅಳಿಯ. ಅಳಿಯನ ತಮ್ಮ. ನಾಟಕದ ದಿನ ಸಂಜೆ ಅವರಿಗೆಲ್ಲ ನಮ್ಮನೇಲಿ ಹೋಳಿಗೆ ಊಟ. ಕಿರೀಟ ಎಷ್ಟು ಬೆರಳು ಎದ್ದಾಗ ಕೂಗ್ಬೇಕು ಅಂತನೂ ಹೇಳಿರ್ತೀನಿ."

ಹಾಲೇಶಪ್ಪ ಎದ್ದು ನಿಂತ. ಕಿರೀಟ ಗಿರಣಿಯ ಅಡ್ಡಪಟ್ಟಿಗೆ ತಾಗಿ ಓರೆಯಾಯಿತು. "ಹದಿನಾಲ್ಕು ವರ್ಷನೂ?"

"ಹದಿಮೂರು" ಅಂದ ಬೆನಕಪ್ಪ. "ಮೊದಲ್ನೇ ವರ್ಷ ದಿಟವಾಗ್ಲೂ ಕೂಗಿದ್ರು ಕಣೋ. ಎಪ್ಪತ್ತರಾಗೆ. ಹಿಂದೆ ಕೂತ ಹೆಂಗಸ್ರು, ಗಾಡಿ ಮೇಲಿದ್ದೋರು. ಯಾರೂ ಹೇಳಿಕೊಟ್ಟಿರ್ಲಿಲ್ಲ. ಆಮೇಲೆ ಎಂದೂ ಕೂಗ್ಲಿಲ್ಲ. ಈಗ ನನಗೇ ಅನುಮಾನ, ಅದು ಆಗಿತ್ತೋ ಇಲ್ಲಾ ನಾನೇ ಎಲ್ಲೋ ಮಲಗಿದ್ದಾಗ ಕಂಡ್ನೋ ಅಂತ. ಅದಕ್ಕೇ ಈ ಸಲ ಸನ್ಯಾಸ ಅಂದೆ. ಕೊನೇ ಸಲ ಅಂದ್ರಾದ್ರೂ ಹಿಂದಿನೋರು ಬಾಯಿ ಬಿಡ್ತಾರೆ ಅಂದ್ಕಂಡೆ. ಬಿಟ್ರು. ನಿಂಗೆ ಬಿಟ್ರು. ನೀನು ಅದನ್ನ ತಗಳ್ಲಿಲ್ಲ. ಮೂಳ!"

ಹಾಲೇಶಪ್ಪನಿಗೆ ಬಯ್ಯಬೇಕೆನ್ನಿಸಿತು. ಹದಿಮೂರು ವರ್ಷದ ಮಂಡಿನೋವಿಗೆ ತಕ್ಕ ಬಯ್ಗುಳ ಹುಡುಕಿದ, ಸಿಗಲಿಲ್ಲ. ಕರಿಯಕ್ಕ ಎದ್ದು ನಿಂತು ಕೂಗಿದ್ದು ಕಣ್ಣಿಗೆ ಕಟ್ಟಿತು. ಆಗ ಅದು ಅವನಿಗೆ ಅಡ್ಡಿಯಾಗಿ ಮಾತ್ರ ಕೇಳಿಸಿತ್ತು. ನಿಧಾನಕ್ಕೆ ಕೂತುಕೊಂಡ.

"ನನಗೆ ಬೇಕಾಗಿದ್ದು ಅದಲ್ಲಣ್ಣ. ನನ್ನ ಹನ್ನೊಂದು ಮಾತನ್ನ ಒಬ್ಬರಾದ್ರೂ ಕೇಳ್ಬೇಕಿತ್ತು. ಪರದೆಗೆ ಹೇಳಿ ಬಂದೆ."

"ನಾನು ಕೇಳ್ದೆ."

"ಆಂ?"

"ಪರದೆ ಈಚೆಗೇ ಇದ್ನಲ್ಲೋ, ನಿನ್ನ ಹಿಂದೆ. ಹನ್ನೊಂದೂ ಕೇಳ್ದೆ."

ಹಾಲೇಶಪ್ಪ ಅವನ ಕಡೆ ಸರಿದು ಕೂತ. "ಹೆಂಗಿತ್ತು?"

ಬೆನಕಪ್ಪ ಯೋಚಿಸಿದ. "ಉದ್ದ ಆತು."

"ಉದ್ದ?"

"ಆ ಹಸಿವಿನ ಮಾತು ಐತಲ್ಲ, ಅದು ಮಾತ್ರ..." ಬೆನಕಪ್ಪ ಮುಂದೆ ಹೇಳದೆ ಎದೆಯ ಮೇಲೆ ಅಂಗೈ ಇಟ್ಟು ತೆಗೆದ. ಬೆರಳಿನ ಹಿಟ್ಟು ಬಿಳಿ ಅಂಗಿಯ ಮೇಲೂ ಬಿಳಿಯಾಗಿ ಕೂತಿತು. "ಅದು ಜನಕ್ಕೆ ಕೇಳ್ಬೇಕಿತ್ತು. ತಪ್ಪು ನಂದೇ."

ಸಾವಂತ್ರಮ್ಮ ಎರಡು ಲೋಟ ಟೀ ತಂದಿಟ್ಟು, "ಸನ್ಯಾಸಿಗಳಿಗೆ ಸಕ್ಕರೆ ಹಾಕಿದ್ರೆ ನಡೀತೈತಾ?" ಅಂದಳು.

"ಎರಡು ಚಮಚ ಹಾಕವ್ವ" ಅಂದ ಬೆನಕಪ್ಪ. ಅವಳು ಹೋದ ಮೇಲೆ ದನಿ ತಗ್ಗಿಸಿದ. "ಮಲ್ಲೇಶಪ್ಪ ನಮ್ಮನೇಲೇ ಕೂತವ್ನೆ. ಜಗಳೂರು ಕಡೆ ಸೊಕ್ಕೇಲಿ ಇದೇ ನಾಟಕ ಅಂತೆ. ಅವರ ರಾಜ ಮರದಿಂದ ಬಿದ್ದು ಕಾಲು ಮುರ್ಕಂಡ. ಮಂತ್ರಿಗೆ ಕಾಮಾಲೆ. ಇಬ್ಬರನ್ನ ಹುಡುಕ್ತಾ ಅವ್ರೆ. ನಾಳೆ ಸೊಕ್ಕೆಯೋರು ಮಾತಾಡಾಕೆ ಚನ್ನಗಿರಿಗೆ ಬರ್ತಾರಂತೆ."

"ಸೊಕ್ಕೇಲಿ ನಿಮ್ಮ ನಂಟ್ರು ಅವ್ರಾ?"

"ಒಬ್ಬರೂ ಇಲ್ಲ. ನನ್ನ ಗುರುತೇ ಇಲ್ಲ ಅಲ್ಲಿ ಯಾರಿಗೂ. ಕೂಗಿದ್ರೆ ದಿಟ, ಕೂಗ್ದಿದ್ರೆ ದಿಟ."

"ಅಳಿಯ ಬರಂಗಿಲ್ಲ. ಹಮಾಲ್ರು ಬರಂಗಿಲ್ಲ. ಹೋಳಿಗೆ ಮಾಡ್ಸಂಗಿಲ್ಲ."

"ಇಲ್ಲ."

"ನನ್ನ ಮಾತು ಮುಗಿಯೋ ತನಕ ಮಂಗಳ ಹಾಡಂಗಿಲ್ಲ. ಅದನ್ನ ಮೊದ್ಲೇ ಸೊಕ್ಕೆಯೋರ ಹತ್ರ ಒಪ್ಪಿಸ್ಬೇಕು."

"ಒಪ್ಸಾನ."

"ರಾಜ ಯಾರು?"

ಬೆನಕಪ್ಪ ಟೀ ಲೋಟವನ್ನು ತುಟಿಯ ಹತ್ತಿರ ಇಟ್ಟುಕೊಂಡೇ ಹಾಲೇಶಪ್ಪನ ತಲೆಯ ಮೇಲಿನದನ್ನು ನೋಡಿದ. ಹಾಲೇಶಪ್ಪನೂ ಅವನು ನೋಡುವುದನ್ನು ನೋಡಿದ.

"ಅದನ್ನ ಅಲ್ಲೇ ಮಾತಾಡಾನ" ಅಂದ ಬೆನಕಪ್ಪ ಕೊನೆಗೆ. "ನಾಳೆ ಬೆಳಿಗ್ಗೆ ಎಂಟು ಗಂಟೆ. ಚನ್ನಗಿರಿ ಬಸ್ ಸ್ಟ್ಯಾಂಡು, ಜಗಳೂರು ಬಸ್ ನಿಲ್ಲೋ ತಾವ."

"ಎಂಟು ಅಂದ್ರೆ ಎಂಟು" ಅಂದ ಹಾಲೇಶಪ್ಪ. "ನೀನು ಲೇಟ್ ಮಾಡಿದ್ರೆ ನಾನೊಬ್ಬನೇ ಮಾತು ಮುಗಿಸಿರ್ತೀನಿ."

"ನಾನು ಏಳೂವರೆಗೇ ಬಂದಿರ್ತೀನಿ."

"ಹಂಗಾದ್ರೆ ನಾನು ಏಳಕ್ಕೆ."